ಮೊಣಕಾಲು ಕೇಸು ಗೆದ್ದ ದಿನ

ಎಲಾದಿಯೋ ತಸ್ಕೋನ್ ಅನುಭವಿಸಿದ ಗೋಳಿಗೆಲ್ಲ ಕಾರಣ ಒಂದೇ ಒಂದು ಅಕ್ಷರ. ನಮ್ಮ ಸ್ಪ್ಯಾನಿಷ್ ಭಾಷೆಯಲ್ಲಿ ‘ಅಥವಾ’ ಎನ್ನಲು ‘ಓ’ ಎಂದರೆ ಸಾಕು. ಪಾಲ್ಮೀರಾ ಊರಿನ ಮೂಳೆ ಡಾಕ್ಟರು ಅವನ ಎಡ ಮೊಣಕಾಲನ್ನು ಹಿಂಡಿ, ತಿರುಚಿ, ಸ್ಕ್ಯಾನಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಎಲುಬುಗಳ ನಡುವೆ ಮೆನಿಸ್ಕಸ್ ಅಂತ ಒಂದು ಮೆತ್ತೆ ಇರುತ್ತೆ. ನಿಮ್ಮದು ಸವೆದು ಹರಿದಿದೆ. ಆಪರೇಷನ್ ಮಾಡಿಸಬಹುದು, ಇಲ್ಲ ಹನ್ನೆರಡು ವಾರ ವ್ಯಾಯಾಮ ಚಿಕಿತ್ಸೆ ಮಾಡಿಸಬಹುದು. ನಿಮ್ಮ ವಯಸ್ಸಿಗೆ, ಈ ಥರದ ಹರುಕಿಗೆ ಎಷ್ಟೋ ಸಲ ವ್ಯಾಯಾಮವೇ ಸಾಕಾಗುತ್ತೆ. ಯೋಚನೆ ಮಾಡಿ,” ಎಂದು ಹೇಳಿ, ಚೀಟಿಯ ಮೇಲೆ ‘ಆಪರೇಷನ್ ಓ ವ್ಯಾಯಾಮ’ ಎಂದು ಗೀಚಿಕೊಟ್ಟರು.

ಎಲಾದಿಯೋಗೆ ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ. ವಯಸ್ಸು ಐವತ್ತನಾಲ್ಕು, ಅದರಲ್ಲಿ ಮೂವತ್ತು ವರ್ಷ ಟೈಲ್ಸ್ ಮೇಸ್ತ್ರಿಯಾಗಿ ಊರವರ ಮನೆಗಳಲ್ಲಿ ಮೊಣಕಾಲೂರಿಕೊಂಡೇ ಕಳೆದವನು. ಹಾಸಿದ ನೆಲದಲ್ಲಿ ಒಂದು ಟೈಲು ಎಬ್ಬಿಸಿದರೆ ಪಕ್ಕದ ನಾಲ್ಕು ಸಡಿಲವಾಗುತ್ತವೆ ಎಂಬುದನ್ನು ಅವನು ಬೇಕಾದಷ್ಟು ಸಲ ನೋಡಿದ್ದ. ತನ್ನ ಮೊಣಕಾಲಿನೊಳಗೆ ಯಾರೂ ಉಳಿ ಆಡಿಸುವುದು ಬೇಡ. ಈ ಕಾಲು ಮತ್ತೆ ನೆಲಕ್ಕೆ ಊರುವಂತಾಗಬೇಕು, ಅಷ್ಟೇ. ಆಗದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಚೀಟಿ ಹಿಡಿದುಕೊಂಡು ಆರೋಗ್ಯ ವಿಮೆ ಕಂಪನಿಯ ಕಚೇರಿಗೆ ಹೋದ. ವ್ಯಾಯಾಮದ ಕಿಟಕಿಯಲ್ಲಿದ್ದವರು ಚೀಟಿ ನೋಡಿ, “ಇದರಲ್ಲಿ ಆಪರೇಷನ್ ಅಂತಾನೂ ಇದೆಯಲ್ಲ, ಆ ಕಿಟಕಿಗೆ ಹೋಗಿ,” ಎಂದರು. ಆ ಕಿಟಕಿಯವರು, “ಇದರಲ್ಲಿ ವ್ಯಾಯಾಮ ಅಂತಾನೂ ಇದೆಯಲ್ಲ, ಆ ಕಿಟಕಿಗೆ ಹೋಗಿ,” ಎಂದರು. ಕುಂಟುವ ಮನುಷ್ಯನನ್ನು ಹೀಗೆ ನಾಲ್ಕು ತಿಂಗಳು ಎರಡು ಕಿಟಕಿಗಳ ನಡುವೆ ನಡೆಸಿದರು. ನಡೆಸುವುದೇ ವ್ಯಾಯಾಮ ಎಂದು ಅವರೇನಾದರೂ ತಿಳಿದಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳಬಹುದಿತ್ತು! ತಿಂಗಳು ತಿಂಗಳೂ ಕಂತು ಕಟ್ಟಿಸಿಕೊಳ್ಳುವಾಗ ಈ ಜನಕ್ಕೆ ಯಾವ ‘ಓ’ ಕೂಡ ಅಡ್ಡ ಬರುವುದಿಲ್ಲ.

ಆಗ ರಂಗಕ್ಕಿಳಿದವರು ಪಕ್ಕದ ಮನೆಯ ದೋನ್ ಫಾನೊರ್. ‘ದೋನ್’, ಹೆಂಗಸಾದರೆ ‘ದೋನ್ಯಾ’, ನಮ್ಮಲ್ಲಿ ಹೆಸರಿನ ಮುಂದೆ ಸೇರಿಸುವ ಮರ್ಯಾದೆಯ ಮಾತು. ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮನೆಯ ಮುಂದೆ ಪ್ಲಾಸ್ಟಿಕ್ ಮೇಜು ಹಾಕಿಕೊಂಡು ಇಡೀ ಬೀದಿಗೆ ತುತೇಲಾ ಬರೆದುಕೊಡುವುದೇ ಅವರ ಈಗಿನ ಉಸಿರು. ತುತೇಲಾ ಎಂದರೆ ಬಡವನ ಅಸ್ತ್ರ. ವಕೀಲನಿಲ್ಲದೆ ನೇರವಾಗಿ ನ್ಯಾಯಾಧೀಶರಿಗೆ ದೂರು ಬರೆಯಬಹುದು, ಅವರು ಹತ್ತು ದಿನದಲ್ಲಿ ತೀರ್ಪು ಕೊಡಲೇಬೇಕು. ತೀರ್ಪು ಪಾಲಿಸದ ದೊಡ್ಡ ಮನುಷ್ಯ ಜೈಲಿಗೆ ಹೋಗಬೇಕಾಗುತ್ತದೆ.

“ವ್ಯಾಯಾಮ ಕೊಡಿಸಿ ಅಂತ ಬರೀಬೇಕು, ಅಷ್ಟೇ ತಾನೇ?” ಎಲಾದಿಯೋ ಕೇಳಿದ.

“ವ್ಯಾಯಾಮ!” ದೋನ್ ಫಾನೊರ್ ಮುಖ ಕಿವುಚಿದರು. “ಅಲ್ಲ ತಮ್ಮಾ, ಕಾಲು ಎತ್ತಿ ಇಳಿಸೋಕೆ ಅಪ್ಪಣೆ ಕೊಡಿ ಅಂತ ಕೋರ್ಟಿಗೆ ಬರೆದ್ರೆ ಜಡ್ಜು ಆಕಳಿಸ್ತಾರೆ. ಆಪರೇಷನ್ ಕೇಳೋಣ. ಆಗ ಕಂಪನಿಯೋರು ಹೆದರ್ಕೊಂಡು, ಅಯ್ಯೋ ಖರ್ಚು ಬಂತಲ್ಲ, ವ್ಯಾಯಾಮ ಆದ್ರೂ ಕೊಟ್ಟುಬಿಡೋಣ ಅಂತ ತಾವೇ ಓಡಿಬರ್ತಾರೆ. ನಾನು ಎಷ್ಟು ನೋಡಿಲ್ಲ!”

“ಜಡ್ಜು ನಿಜವಾಗ್ಲೂ ಆಪರೇಷನ್ ಕೊಟ್ಟುಬಿಟ್ರೆ?”

“ಕೇಳಿದ್ದನ್ನ ಕೇಳಿದ ಹಾಗೇ ಕೊಡೋ ಕೋರ್ಟನ್ನ ನನ್ನ ಸರ್ವಿಸ್‌ನಲ್ಲೇ ಕಂಡಿಲ್ಲ. ಇಲ್ಲಿ ಸಹಿ ಹಾಕು. ಹೆಬ್ಬೆಟ್ಟೂ ಒತ್ತು.”

ಎಲಾದಿಯೋ ಹೆಬ್ಬೆಟ್ಟು ಒತ್ತಿದ. ಹತ್ತನೆಯ ದಿನ, ಮಂಗಳವಾರ ಸಂಜೆ ಐದಕ್ಕೆ, ನ್ಯಾಯಾಧೀಶರು ಕೇಳಿದ್ದನ್ನು ಕೇಳಿದ ಹಾಗೆಯೇ ಕೊಟ್ಟರು. ನಲವತ್ತೆಂಟು ಗಂಟೆಯೊಳಗೆ ಎಲಾದಿಯೋ ತಸ್ಕೋನ್‌ಗೆ ಆಪರೇಷನ್ ಆಗಬೇಕು, ಇಲ್ಲವಾದರೆ ಕಂಪನಿಯ ಮ್ಯಾನೇಜರನ್ನು ಬಂಧಿಸಬೇಕು.

ಕಂಪನಿಯವರು ಬುಧವಾರ ಪೂರ್ತಿ ನಿದ್ದೆ ಮಾಡಿದರು. ಗುರುವಾರ ಬೆಳಿಗ್ಗೆ ಎಂಟಕ್ಕೆ ಎಲಾದಿಯೋನ ಮನೆ ಮುಂದೆ ಆಂಬುಲೆನ್ಸ್ ಬಂದು ನಿಂತಿತು.

ಅದರಿಂದ ಇಳಿದವಳು ಯುರಾನಿ ಎಂಬ ಹುಡುಗಿ, ಕಂಪನಿಯ ಉದ್ಯೋಗಿ. ವ್ಯಾಯಾಮದ ಕಿಟಕಿಯ ಹಿಂದೆ ಕೂತು ನಾಲ್ಕು ತಿಂಗಳು ತಲೆಯೆತ್ತಿ ನೋಡದೆ ಮಾತಾಡಿದವಳು ಇವಳೇ. ಇವತ್ತು ಅವಳ ಕೈಯಲ್ಲಿ ಹೂಗುಚ್ಛ.

“ದೋನ್ ಎಲಾದಿಯೋ ಸರ್! ಹೇಗಿದ್ದೀರಿ? ನಿಮ್ಮ ಮುದ್ದು ಮೊಣಕಾಲು ಹೇಗಿದೆ? ತಿಂಡಿ ತಿಂದಿಲ್ಲ ತಾನೇ? ಬನ್ನಿ ಸರ್, ಥಿಯೇಟರು ಖಾಲಿ ಮಾಡಿಸಿಟ್ಟಿದ್ದೀವಿ, ಸರ್ಜನ್ನು ಕೈ ತೊಳ್ಕೊಂಡು ನಿಂತಿದ್ದಾರೆ!”

“ನನಗೆ ಆಪರೇಷನ್ ಬೇಡಮ್ಮ,” ಎಂದ ಎಲಾದಿಯೋ. “ವ್ಯಾಯಾಮ ಬೇಕು. ನಿಂಗೇ ಇಪ್ಪತ್ತು ಸಲ ಹೇಳಿದೀನಿ.”

“ಬೇಡ ಅನ್ನೋ ಹಾಗಿಲ್ಲ ಸರ್, ಕೋರ್ಟ್ ಆರ್ಡರು. ಸಂಜೆ ಐದಕ್ಕೆ ನಮ್ಮ ಮ್ಯಾನೇಜರು ಅರೆಸ್ಟ್ ಆಗ್ತಾರೆ. ಪಾಪ, ಅವರಿಗೆ ಎಸಿ ಇಲ್ಲದೆ ನಿದ್ದೆ ಬರಲ್ಲ.”

ಅಷ್ಟು ಹೊತ್ತಿಗೆ ಬೀದಿಯೆಲ್ಲ ಜಮಾಯಿಸಿತ್ತು. ದೋನ್ ಫಾನೊರ್ ಮದುವೆಗೆ ಹೊರಟವರಂತೆ ಬಿಳಿ ಅಂಗಿ ತೊಟ್ಟು, ತೀರ್ಪಿನ ನಕಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಂದರು. ಎದುರು ಸಾಲಿನ ಬೇಕರಿಯ ದೋನ್ಯಾ ಸೆನೆಯ್ದಾ ಎಂಬ ಗಟ್ಟಿ ದನಿಯ ಹೆಂಗಸು, ಆಗ ತಾನೇ ಬೆಂದ ಗಿಣ್ಣಿನ ಪಾಂದೆಬೋನೋ ರೊಟ್ಟಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹಂಚಲು ಬಂದಳು. ವಿಮೆ ಕಂಪನಿಯೊಂದು ನಮ್ಮ ಬೀದಿಯವನ ಮನೆ ಬಾಗಿಲಿಗೆ ಹೂ ಹಿಡಿದುಕೊಂಡು ಬಂದದ್ದು ಇದೇ ಮೊದಲು. ಜನ ಚಪ್ಪಾಳೆ ತಟ್ಟಿದರು.

“ಗೆದ್ದುಬಿಟ್ವಿ!” ಎಂದಳು ಸೆನೆಯ್ದಾ. “ನಮ್ಮ ಭಾವನೂ ಇದೇ ಆಪರೇಷನ್ ಮಾಡಿಸ್ಕೊಂಡು ಈಗ ಸೈಕಲ್ ಹೊಡೀತಾನೆ. ಬೇಡ ಅಂತೀಯಲ್ಲೋ, ಕೃತಜ್ಞತೆ ಇಲ್ವಾ ನಿಂಗೆ? ಇಡೀ ಬೀದಿ ನಿನಗೋಸ್ಕರ ಸಾಕ್ಷಿ ಸಹಿ ಹಾಕಿದೀವಿ!”

“ದೋನ್ ಫಾನೊರ್, ನೀವಾದ್ರೂ ಹೇಳಿ,” ಎಲಾದಿಯೋ ಗೋಗರೆದ. “ಸುಮ್ನೆ ಹೆದರಿಸೋಕೆ ಅಂದ್ರಲ್ಲ ನೀವು?”

“ಅದು ತೀರ್ಪಿಗೆ ಮುಂಚೆ,” ಎಂದರು ದೋನ್ ಫಾನೊರ್ ಗಂಭೀರವಾಗಿ. “ಈಗ ಇದು ಗಣರಾಜ್ಯದ ಮಾತು. ನಿನಗೆ ಬೇಕಿರೋದು ಏನು ಅನ್ನೋದು ನಿನ್ನ ಸ್ವಂತ ಅಭಿಪ್ರಾಯ. ತೀರ್ಪಿಗೆ ಕೈ ಅಡ್ಡ ಹಿಡಿದ್ರೆ ಮ್ಯಾನೇಜರ್ ಜೊತೆ ನೀನೂ ಒಳಗೆ ಹೋಗ್ತೀಯ, ಎಚ್ಚರ.”

ಎಲಾದಿಯೋಗೆ ಪಿತ್ತ ನೆತ್ತಿಗೇರಿತು. ಕಾಲು ತನ್ನದು, ನೋವು ತನ್ನದು, ಗೆಲುವು ಮಾತ್ರ ಇವರೆಲ್ಲರದ್ದು! ಇಬ್ಬರು ಆಂಬುಲೆನ್ಸಿನವರು ಅವನ ತೋಳಿಗೆ ಕೈ ಹಾಕಿದರು. ಆ ಕ್ಷಣದಲ್ಲಿ ಅವನಿಗೆ ಯುರಾನಿ ಕೇಳಿದ ತಿಂಡಿಯ ಪ್ರಶ್ನೆ ನೆನಪಾಯಿತು. ಕೈ ಚಾಚಿ ಸೆನೆಯ್ದಾಳ ತಟ್ಟೆಯಿಂದ ಎರಡು ಪಾಂದೆಬೋನೋ ಎತ್ತಿ, ಒಂದರ ಮೇಲೊಂದು ಬಾಯಿಗೆ ತುರುಕಿದ.

“ಬೇಡ ಸರ್!” ಯುರಾನಿ ಚೀರಿದಳು. “ಉಗೀರಿ! ಉಗೀರಿ!”

ಎಲಾದಿಯೋ ಅವಳ ಮುಖ ನೋಡುತ್ತಲೇ ನುಂಗಿದ. ಬಿಸಿಗೆ ಗಂಟಲು ಸುಟ್ಟು ಕಣ್ಣಲ್ಲಿ ನೀರು ಬಂತು, ಆದರೂ ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಮನಸ್ಸಿಗೆ ತಣ್ಣಗೆನಿಸಿತು.

ಯುರಾನಿ ಫೋನು ಹಚ್ಚಿದಳು. ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಆರು ಗಂಟೆ ಖಾಲಿ ಇರಬೇಕಂತೆ. ಬೆರಳು ಮಡಚಿ ಎಣಿಸಿದಳು. “ಈಗ ಎಂಟೂಕಾಲು. ಎರಡೂಕಾಲಿಗೆ ಆಪರೇಷನ್. ಐದಕ್ಕೆ ಮುಂಚೆ ಮುಗಿಯುತ್ತೆ. ಅಲ್ಲಿವರೆಗೂ ಇವರ ಬಾಯಿಗೆ ಒಂದು ಅಗುಳೂ ಬೀಳಬಾರದು!”

“ಆ ಜವಾಬ್ದಾರಿ ನಮ್ಮ ಬೀದಿಗೆ ಬಿಡಮ್ಮ,” ಎಂದರು ದೋನ್ ಫಾನೊರ್.

ಬಿಟ್ಟದ್ದೇ ತಡ, ಬೀದಿ ಸೊಂಟ ಕಟ್ಟಿ ನಿಂತಿತು. ಊರಲ್ಲಿ ಚರಂಡಿ ಕಟ್ಟಿಕೊಂಡು ಮೂರು ವಾರವಾಗಿತ್ತು, ಅದಕ್ಕೆ ಒಬ್ಬನೂ ಬಂದಿರಲಿಲ್ಲ. ಒಬ್ಬ ಹಸಿದವನ ಬಾಯಿ ಕಾಯಲು ಮಾತ್ರ ಹದಿನಾಲ್ಕು ಜನ ಬಂದರು! ಎಲಾದಿಯೋನ ಕುರ್ಚಿಯನ್ನು ವರಾಂಡದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಸೆನೆಯ್ದಾ ನೇರ ಅಡುಗೆಮನೆಗೆ ನುಗ್ಗಿ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ರವಿಕೆಯೊಳಗೆ ಇಳಿಸಿಕೊಂಡಳು.

“ನನ್ನ ಅಡುಗೆಮನೆಗೆ ಬೀಗ ಹಾಕೋಕೆ ನೀನ್ಯಾರೇ?” ಎಲಾದಿಯೋನ ಹೆಂಡತಿ ಓರ್ಫೀಲಿಯಾ ಕೆರಳಿದಳು. “ಒಲೆ ಮೇಲೆ ಸಾಂಕೋಚೋ ಸಾರು ಕುದೀತಿದೆ!”

“ಅದಕ್ಕೇ ಹಾಕಿದ್ದು ಕಣೇ. ನಿನ್ನ ಗಂಡನ ಒಳ್ಳೇದಕ್ಕೆ!”

“ಒಳ್ಳೇದು ಅಂತ ನಿಂಗೆ ಹೇಗೆ ಗೊತ್ತು? ಕಾಲೇನು ನಿಂದಾ?”

“ನಂದಾಗಿದ್ರೆ ಇಷ್ಟೊತ್ತಿಗೆ ಆಪರೇಷನ್ ಟೇಬಲ್ ಮೇಲೆ ಮಲಗಿರ್ತಿದ್ದೆ!”

ಬಿಸಿಲೇರಿತು. ದೂರದಲ್ಲಿ ಕಬ್ಬಿನ ಗದ್ದೆ ಸುಡುತ್ತಿದ್ದುದರಿಂದ ಕರಿಬೂದಿ ಹಾರಿಬಂದು ಎಲ್ಲರ ತಲೆಯ ಮೇಲೂ ಕೂತಿತು. ಎಲಾದಿಯೋ ಹತ್ತಕ್ಕೆ ಮಾವಿನಹಣ್ಣು ಮಾರುವವಳನ್ನು ಸನ್ನೆ ಮಾಡಿ ಕರೆದ, ಕಾವಲಿನವರು ಅವಳನ್ನು ಮೂಲೆಯವರೆಗೂ ಅಟ್ಟಿದರು. ಹನ್ನೊಂದಕ್ಕೆ ಕೆಮ್ಮಿದ. ಬಾಯೊಳಗೆ ಏನೋ ಅಡಗಿಸಿದ್ದಾನೆಂದು ದವಡೆ ತೆರೆಸಿ ಟಾರ್ಚು ಬಿಟ್ಟು ನೋಡಿದರು. ಹನ್ನೆರಡಕ್ಕೆ ಕಾವಲಿನವರೆಲ್ಲ ಸರದಿಯ ಮೇಲೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು, ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದು ಅವನೆದುರೇ ಕೂತರು. ಯಾವ ಕಾಲಿಗೆ ಯಾವ ಚಿಕಿತ್ಸೆ ಎಂದು ಅವನನ್ನು ಮಾತ್ರ ಬಿಟ್ಟು ಮಿಕ್ಕವರೆಲ್ಲ ಚರ್ಚೆ ಮಾಡಿದರು.

“ವ್ಯಾಯಾಮ ಅನ್ನೋದೇ ಮೋಸ,” ಎಂದರು ದೋನ್ ಫಾನೊರ್. “ಶ್ರೀಮಂತರ ಮೊಣಕಾಲಿಗೆ ಕತ್ತಿ, ಬಡವರ ಮೊಣಕಾಲಿಗೆ ರಬ್ಬರ್ ಪಟ್ಟಿ. ನಾವು ಒಪ್ಪಬಾರದು.”

“ಡಾಕ್ಟರೇ ಹೇಳಿದ್ರು, ವ್ಯಾಯಾಮ ಸಾಕಾಗಬಹುದು ಅಂತ,” ಎಂದ ಎಲಾದಿಯೋ.

“ಡಾಕ್ಟರ್ ಮಾತು ಕಟ್ಕೊಂಡು ಏನಯ್ಯ? ಹೋರಾಟಕ್ಕೆ ಇಳಿದ ಮೇಲೆ ಸಾಕು ಅನ್ನೋ ಮಾತೇ ಇಲ್ಲ.”

ಒಂದು ಗಂಟೆಯ ಹೊತ್ತಿಗೆ ಉಂಡವರಿಗೆ ತೂಕಡಿಕೆ ಬಂತು. ಓರ್ಫೀಲಿಯಾ ಗಂಡನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು. “ಏಯ್ ಮುದುಕಾ, ಇವರ ಹತ್ರ ಏನು ಗೋಳಾಡ್ತೀಯ? ತೀರ್ಪು ಕೊಟ್ಟೋರು ಜಡ್ಜಮ್ಮ. ನೇರ ಅವರ ಹತ್ರ ಹೋಗಿ ಬೇಡ ಅಂತ ಹೇಳು. ಹಿಂದಿನ ಗೋಡೆ ಹಾರು, ಹೋಗು.”

“ಈ ಕಾಲಲ್ಲಾ?”

“ಮತ್ತೆ ನಂದು ಕೊಡ್ಲಾ?”

ಎಲಾದಿಯೋ ಬಚ್ಚಲಿಗೆ ಹೋಗುವ ನೆಪ ಹೇಳಿ ಹಿತ್ತಲಿಗೆ ನಡೆದ. ನೀರಿನ ಡ್ರಮ್ಮಿನ ಮೇಲೆ ಹತ್ತಿ, ಗೋಡೆಯನ್ನು ಹೊಟ್ಟೆಯಿಂದ ತಬ್ಬಿಕೊಂಡು ಆಚೆ ಬದಿಗೆ ದೊಪ್ಪೆಂದು ಬಿದ್ದ. ಮೊಣಕಾಲಿನೊಳಗೆ ಏನೋ ಚುಳುಕ್ ಎಂದಿತು. ಕುಂಟುತ್ತ ಮೂಲೆಗೆ ಓಡಿದ. ಅಲ್ಲಿ ‘ಸಾಮಾನ್’ ಎಂಬ ದೊಡ್ಡ ಮಳೆಮರದ ನೆರಳಲ್ಲಿ ಮೆದಾರ್ದೋನ ಕುದುರೆ ಸಾರೋಟು ನಿಂತಿತ್ತು. ನಮ್ಮ ಪಾಲ್ಮೀರಾದಲ್ಲಿ ಇವಕ್ಕೆ ವಿಕ್ಟೋರಿಯಾ ಎನ್ನುತ್ತೇವೆ, ಈಗ ಕೆಲವೇ ಉಳಿದಿವೆ. ಮೆದಾರ್ದೋನ ಹೆಣ್ಣು ಕುದುರೆಯ ಹೆಸರು ಡಾಕ್ಟರಮ್ಮ.

“ಕೋರ್ಟಿಗೆ ಬಿಡು ಮಾರಾಯ, ಬೇಗ!”

ಸಾರೋಟು ಹೊರಟಿತು. ಮೆದಾರ್ದೋ ಹಿಂತಿರುಗಿ ನೋಡಿ ಮಾತು ಶುರು ಮಾಡಿದ. “ಮೊಣಕಾಲಂತೆ ನಿಂಗೆ? ಆಪರೇಷನ್ನೂ ಬೇಡ, ವ್ಯಾಯಾಮನೂ ಬೇಡ. ಹೋದ ವರ್ಷ ನಮ್ಮ ಡಾಕ್ಟರಮ್ಮಂಗೆ ಇದೇ ಆಗಿತ್ತು. ಕಬ್ಬಿನ ಸಾರಾಯಿ ಬೆಚ್ಚಗೆ ಮಾಡಿ ಬಟ್ಟೆ ಕಟ್ಟಿದೆ, ಮೂರೇ ದಿನ!”

“ಅದು ಕುದುರೆ ಕಣೋ!”

“ಕುದುರೆಗೆ ನಾಲ್ಕು ಮೊಣಕಾಲು. ಅನುಭವ ಯಾರಿಗೆ ಜಾಸ್ತಿ?”

ಹಿಂದಿನಿಂದ ಸೈರನ್ ಕೇಳಿಸಿತು. ಬೀದಿ ಎಚ್ಚೆತ್ತಿತ್ತು. ಆಂಬುಲೆನ್ಸಿನ ಮುಂದಿನ ಸೀಟಿನಿಂದ ಯುರಾನಿ ಅರ್ಧ ಮೈ ಹೊರಗೆ ಹಾಕಿ ಕೈ ಬೀಸುತ್ತಿದ್ದಳು. ಸೈರನ್ನಿಗೆ ಬೆದರಿದ ಡಾಕ್ಟರಮ್ಮ ಜನ್ಮದಲ್ಲಿ ಓಡದ ಹಾಗೆ ಓಡಿತು. ಮಾರುಕಟ್ಟೆಯ ಅನಾನಸ್ ಗಾಡಿಯೊಂದನ್ನು ಸವರಿಕೊಂಡು ಹೋಗಿ, ಚೌಕದಲ್ಲಿ ಎರಡು ಸುತ್ತು ಹೊಡೆದು, ಕೊನೆಗೆ ಚರ್ಚಿನ ಮುಂದೆ ತಾನಾಗಿಯೇ ದಣಿದು ನಿಂತಿತು. ಆಂಬುಲೆನ್ಸ್ ಅಡ್ಡ ಬಂದು ನಿಂತಿತು.

ಓಡಲು ದಾರಿಯಿಲ್ಲ. ಎಲಾದಿಯೋ ಅತ್ತಿತ್ತ ನೋಡಿದ. ಕುದುರೆಗೆಂದು ಮೆದಾರ್ದೋ ನೇತುಹಾಕಿದ್ದ ಚೀಲದಲ್ಲಿ ಬೆಲ್ಲದ ಅಚ್ಚು ಕಾಣಿಸಿತು. ತೆಗೆದು ಕಚ್ಚಿದ. ಡಾಕ್ಟರಮ್ಮ ಕತ್ತು ತಿರುಗಿಸಿ ಅವನನ್ನೇ ದುರುಗುಟ್ಟಿ ನೋಡಿತು.

“ಸರ್, ದಯವಿಟ್ಟು!” ಯುರಾನಿ ಓಡಿಬಂದಳು. “ಎಷ್ಟು ತಿಂದ್ರಿ?”

“ಅರ್ಧ ಅಚ್ಚು,” ಎಂದು ಎಲಾದಿಯೋ ಉಳಿದದ್ದನ್ನೂ ಬಾಯಿಗೆ ಹಾಕಿಕೊಂಡ. “ಈಗ ಪೂರ್ತಿ.”

ಯುರಾನಿ ಫೋನಿನಲ್ಲಿ ಡಾಕ್ಟರನ್ನು ಕೇಳಿದಳು. ಬೆಲ್ಲ ದ್ರವವೋ ಘನವೋ ಎಂದು ಅವರು ಕೇಳಿದರಂತೆ. ಘನ. ಹಾಗಾದರೆ ಮತ್ತೆ ಆರು ಗಂಟೆ. ಅವಳು ಬೆರಳು ಮಡಚಿದಳು, ಮಡಚಿದ ಬೆರಳು ಐದನ್ನು ದಾಟಿ ಏಳಕ್ಕೆ ಹೋಯಿತು. ಚರ್ಚಿನ ಮೆಟ್ಟಿಲ ಮೇಲೆ ಕುಸಿದು ಅಳಲು ಶುರು ಮಾಡಿದಳು.

“ಮ್ಯಾನೇಜರ್ ಜೈಲಿಗೆ ಹೋದ್ರೆ ನನ್ನ ಕೆಲಸ ಹೋಗುತ್ತೆ ಸರ್. ನಿಮ್ಮನ್ನ ಕಿಟಕಿಯಿಂದ ಕಿಟಕಿಗೆ ಓಡಿಸಿದ್ದು ನಾನೇನು ಬೇಕಂತ ಮಾಡಿದ್ನಾ? ‘ಓ’ ಇರೋ ಚೀಟಿನೆಲ್ಲ ಆ ಕಡೆ ತಳ್ಳು ಅಂತ ನಮಗೆ ಹೇಳ್ಕೊಟ್ಟಿರೋದೇ ಹಾಗೆ.”

ಎಲಾದಿಯೋಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು, ಉಳಿದರ್ಧ ಕಂಪನಿಯ ಮೇಲೆ ಏರಿತು. “ಅಳಬೇಡಮ್ಮ. ನಂಗೆ ಆಪರೇಷನ್ ಬೇಡ. ನಿಮಗೂ ಬೇಡ. ಇಬ್ರೂ ಸೇರಿ ಜಡ್ಜಮ್ಮನಿಗೆ ಹೇಳೋಣ ನಡಿ.”

ಅವಳು ಕಣ್ಣೊರೆಸಿಕೊಂಡಳು. “ವ್ಯಾಯಾಮ ತಾನೇ ನಿಮಗೆ ಬೇಕಿರೋದು? ಇವತ್ತೇ ಕೊಡಿಸ್ತೀನಿ ಸರ್! ಈಗಲೇ ಥೆರಪಿಸ್ಟ್‌ನ ಕೋರ್ಟಿಗೇ ಕರೆಸ್ತೀನಿ!”

ಹೀಗೆ ಬೆಳಿಗ್ಗೆ ಬೇಟೆ ಮತ್ತು ಬೇಟೆಗಾರ ಆಗಿದ್ದವರು ಮಧ್ಯಾಹ್ನ ಒಂದೇ ಸಾರೋಟಿನಲ್ಲಿ ಕೂತು ಕೋರ್ಟಿಗೆ ಹೋದರು, ಆಂಬುಲೆನ್ಸ್ ಹಿಂದೆ ಬಂತು. ಲಿಫ್ಟು ಕೆಟ್ಟಿತ್ತು. ಮೂರನೆಯ ಮಹಡಿಗೆ ಹತ್ತುವಷ್ಟರಲ್ಲಿ ಎಲಾದಿಯೋನ ಮೊಣಕಾಲು ಊದಿ ಪ್ಯಾಂಟು ಬಿಗಿಯಾಯಿತು. ನ್ಯಾಯಾಧೀಶರು ಬೇರೊಂದು ವಿಚಾರಣೆಯಲ್ಲಿದ್ದರು. ನಾಲ್ಕು ಗಂಟೆಗೆ ಒಳಗೆ ಕರೆದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಡತ ತೆರೆದರು. ಅವರ ಮುಖದಲ್ಲಿ ಕಳೆ ಇರಲಿಲ್ಲ.

“ಹನ್ನೊಂದು ಪುಟ ಬರೆದಿದ್ದೀರಿ. ‘ಕತ್ತಿಯ ದರ್ಶನವಿಲ್ಲದೆ ಕಳೆಯುವ ಒಂದೊಂದು ಗಳಿಗೆಯೂ ಈ ಬಡಪಾಯಿಗೆ ನರಕ.’ ಇದನ್ನ ಓದಿ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಈಗ ಬಂದು ಕತ್ತಿ ಬೇಡ ಅಂತೀರಿ. ಇದು ನೀವು ಬರೆದದ್ದಲ್ವಾ?”

“ಸಹಿ ನಂದಮ್ಮಾ,” ಎಂದ ಎಲಾದಿಯೋ ತಲೆ ತಗ್ಗಿಸಿ. “ನರಕ ದೋನ್ ಫಾನೊರ್ ಅವರದ್ದು.”

“ಕೋರ್ಟು ಅಂದ್ರೆ ಹೋಟೆಲ್ ಅಂದ್ಕೊಂಡ್ರಾ? ಬೆಳಿಗ್ಗೆ ಒಂದು, ಸಂಜೆ ಒಂದು ತಂದುಕೊಡೋಕೆ? ನಿಮಗೆ ನಿಜವಾಗಿ ಬೇಕಿರೋದೇನು? ಒಂದೇ ಮಾತಲ್ಲಿ ಹೇಳಿ. ‘ಅಥವಾ’ ಅಂದ್ರೆ ಹೊರಗೆ ಕಳಿಸ್ತೀನಿ.”

“ವ್ಯಾಯಾಮ.”

ನಾಲ್ಕು ತಿಂಗಳಿನಿಂದ ಅವನ ಬಾಯಲ್ಲಿದ್ದ ಆ ಪದವನ್ನು ಮೊದಲ ಸಲ ಒಬ್ಬರು ಕೇಳಿಸಿಕೊಂಡರು. ನ್ಯಾಯಾಧೀಶರು ಗುಮಾಸ್ತನಿಗೆ ಹೇಳಿ ಬರೆಸಿದರು. ಅರ್ಜಿದಾರನು ಆಪರೇಷನ್ನಿನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾನೆ, ಈ ಅರ್ಜಿಯ ಮೇಲೆ ಮತ್ತೆ ಅದನ್ನು ಕೇಳತಕ್ಕದ್ದಲ್ಲ. ಬದಲಿಗೆ ಹನ್ನೆರಡು ವಾರ ಪ್ರತಿದಿನ ಮೊಣಕಾಲಿಗೆ ವ್ಯಾಯಾಮ ಚಿಕಿತ್ಸೆ ಕೊಡಬೇಕು. ಮೊದಲ ಪಾಠ ಇವತ್ತು ಐದು ಗಂಟೆಯೊಳಗೆ ಆಗದಿದ್ದರೆ ಮ್ಯಾನೇಜರ ಬಂಧನ. ಎಲಾದಿಯೋ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದ. ಯುರಾನಿ ಸಾಕ್ಷಿ ಹಾಕಿದಳು. ಗುಮಾಸ್ತ ಮುದ್ರೆ ಕುಟ್ಟಿದ. ನ್ಯಾಯಾಧೀಶರು ಮತ್ತೆ ತಮ್ಮ ವಿಚಾರಣೆಗೆ ಎದ್ದುಹೋದರು.

ಎಲಾದಿಯೋ ಕಾರಿಡಾರಿಗೆ ಬಂದಾಗ ಅವನ ಕಣ್ಣು ತುಂಬಿತ್ತು. ಕತ್ತಿಯಿಲ್ಲ. ಹನ್ನೆರಡು ವಾರ ಕಳೆದರೆ ಮತ್ತೆ ನೆಲಕ್ಕೆ ಮೊಣಕಾಲೂರಿ ಕೆಲಸ ಮಾಡಬಹುದು. ಜನ್ಮದಲ್ಲಿ ಒಂದು ಸಲವಾದರೂ ತನ್ನ ಮಾತು ನಡೆಯಿತು ಎಂದು ಹಗುರಾಗಿ ಹೆಜ್ಜೆಯಿಟ್ಟ.

ಕಾಲಡಿಯ ಟೈಲು ಟೊಳ್ಳು ಸದ್ದು ಮಾಡಿತು.

ಅವನು ನಿಂತ. ಇನ್ನೊಂದು ಸಲ ತುಳಿದ. ಟೊಳ್ಳೇ. ಪಕ್ಕದ್ದೂ ಟೊಳ್ಳು. ಸಂದುಗಳು ಸೊಟ್ಟ. ಸರ್ಕಾರಿ ಕೋರ್ಟಿಗೆ, ಜನ ನ್ಯಾಯ ಕೇಳಲು ಬರುವ ಜಾಗಕ್ಕೆ, ಇಂಥ ಕೆಲಸ! ಅವನ ಮೈಯೆಲ್ಲ ಉರಿದುಹೋಯಿತು.

“ಯಾವ ಅಯೋಗ್ಯ ಹಾಕಿದ್ದು ಇದನ್ನ?” ಎಂದು ಗುಡುಗಿದ. “ಅಡಿಯಲ್ಲಿ ಗಾರೆನೇ ತುಂಬಿಲ್ಲ! ನೋಡಿಲ್ಲಿ, ನೋಡಿ!” ಎಂದು, ಮೂವತ್ತು ವರ್ಷದ ಅಭ್ಯಾಸ ನೋಡಿ, ಏನೂ ಯೋಚಿಸದೆ ಎರಡೂ ಕಾಲು ಮಡಚಿ ಕುಕ್ಕರಗಾಲಲ್ಲಿ ಕೂತು, ಬೆರಳ ಗಣ್ಣಿನಿಂದ ಟೈಲು ಕುಟ್ಟಿ ತೋರಿಸಿ, ಬಾಗಿಲಿಗೆ ಬಂದಿದ್ದ ಗುಮಾಸ್ತನ ಕಡೆಗೆ ಸರಕ್ಕನೆ ತಿರುಗಿದ.

ಎಡ ಮೊಣಕಾಲಿನೊಳಗೆ ಟಕ್ ಎಂದಿತು. ಅವನು ಪಕ್ಕಕ್ಕೆ ಉರುಳಿದ. ಕಾಲು ಮಡಚಿದಲ್ಲಿಯೇ ನಿಂತುಬಿಟ್ಟಿತ್ತು. ನೀಡಲು ಹೋದರೆ ಬಾಗಿಲ ಸಂದಿಗೆ ಕಲ್ಲು ಸಿಕ್ಕಂತೆ ಅರ್ಧದಲ್ಲೇ ತಡೆಯುತ್ತಿತ್ತು. ಎಲಾದಿಯೋ ಕೂಗಿದ ಕೂಗಿಗೆ ಮೂರು ಕೋಣೆಗಳ ವಿಚಾರಣೆ ನಿಂತಿತು.

ಅದೇ ಹೊತ್ತಿಗೆ ಮೆಟ್ಟಿಲೇರಿ ಬಂದ ದಪ್ಪ ತೋಳಿನ ಥೆರಪಿಸ್ಟು ಬಗ್ಗಿ, ಮೊಣಕಾಲನ್ನು ಮೆಲ್ಲಗೆ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದ. “ಲಾಕ್ ಆಗಿದೆ. ಹರಿದ ಚೂರು ಮಡಚಿಕೊಂಡು ಕೀಲಿನ ನಡುವೆ ಸಿಕ್ಕಿಕೊಂಡಿದೆ. ಇದಕ್ಕೆ ವ್ಯಾಯಾಮ ಮಾಡಿಸಿದ್ರೆ ಇನ್ನೂ ಕೆಡುತ್ತೆ. ಆಪರೇಷನ್ನೇ ಆಗ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು.”

“ಮಾಡಿ!” ಎಲಾದಿಯೋ ನೋವಿಗೆ ಹಲ್ಲು ಕಚ್ಚಿ ಕಿರುಚಿದ. “ಮಾಡಿಬಿಡಿ! ಏಳಕ್ಕಾದ್ರೂ ಸರಿ, ಎಂಟಕ್ಕಾದ್ರೂ ಸರಿ! ಯುರಾನಿ, ಆಂಬುಲೆನ್ಸ್ ಕೆಳಗಿದೆಯಲ್ಲ ತಾಯಿ?”

ಯುರಾನಿಯ ಕೈಯಲ್ಲಿ ಮುದ್ರೆ ಇನ್ನೂ ಒಣಗದ ಕಾಗದವಿತ್ತು. ಅವಳ ಮುಖ ಮತ್ತೆ ಕಿಟಕಿಯ ಹಿಂದಿನ ಮುಖವಾಯಿತು. “ಆಪರೇಷನ್ ನೀವೇ ಬಿಟ್ಟುಕೊಟ್ಟಿದ್ದೀರಲ್ಲ ಸರ್. ಮತ್ತೆ ಬೇಕಂದ್ರೆ ಹೊಸ ಚೀಟಿ, ಹೊಸ ಅರ್ಜಿ. ಸೋಮವಾರ ಕಚೇರಿಗೆ ಬನ್ನಿ.”

“ಮುದ್ರೆ ಬಿದ್ದಾಯ್ತು, ನಾವೇನೂ ಮಾಡೋಕಾಗಲ್ಲ,” ಎಂದ ಗುಮಾಸ್ತ. “ನಾಲ್ಕೂವರೆ ಆಗ್ತಾ ಬಂತು. ವ್ಯಾಯಾಮ ಶುರು ಮಾಡ್ದೆ ಇದ್ರೆ ನಿಮ್ಮ ಮ್ಯಾನೇಜರು ಒಳಗೆ.”

ಯುರಾನಿ ಬೆಚ್ಚಿ ಥೆರಪಿಸ್ಟನ ಕಡೆ ನೋಡಿದಳು. ಥೆರಪಿಸ್ಟು ಆದೇಶವನ್ನು ತೆಗೆದುಕೊಂಡು ಎರಡು ಸಲ ನಿಧಾನವಾಗಿ ಓದಿದ. ಆಮೇಲೆ ಅವನ ಮುಖ ಅರಳಿತು.

“ಮೊಣಕಾಲಿಗೆ ಅಂತಷ್ಟೇ ಇದೆ. ಯಾವ ಮೊಣಕಾಲು ಅಂತ ಬರೆದಿಲ್ಲ.”

ಎಲಾದಿಯೋನನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ಥೆರಪಿಸ್ಟು ಅವನ ಗಟ್ಟಿಮುಟ್ಟಾದ ಬಲಗಾಲನ್ನು ಹಿಡಿದು ಎತ್ತಿದ. ಅಷ್ಟರಲ್ಲಿ ದೋನ್ ಫಾನೊರ್, ಸೆನೆಯ್ದಾ ಮತ್ತು ಬೀದಿಯ ಜನವೆಲ್ಲ ಏದುಸಿರು ಬಿಡುತ್ತ ಮೇಲೆ ಬಂದರು. ಕಂಪನಿಯವರು ಕೋರ್ಟಿಗೇ ಬಂದು ಸೇವೆ ಮಾಡುತ್ತಿರುವುದನ್ನು ಕಂಡು ಅವರಿಗೆ ಹೆಮ್ಮೆ ತಡೆಯಲಾಗಲಿಲ್ಲ. ಕಾಲು ಎತ್ತಿದ ಹಾಗೆಲ್ಲ ಒಟ್ಟಿಗೆ ಎಣಿಸಲು ಶುರು ಮಾಡಿದರು.

“ಒಂದು! ಎರಡು! ಮೂರು!”

“ನೋವು ಎಡಗಾಲಿಗೆ ಕಣ್ರೋ!” ಎಲಾದಿಯೋ ಅರಚಿದ. “ನಿಮಗೆ ಕಣ್ಣಿಲ್ವಾ? ಎಡಗಾಲಿಗೆ!”

“ಅದನ್ನ ಮುಟ್ಟೋ ಹಾಗಿಲ್ಲ ಸ್ವಾಮಿ,” ಎಂದ ಥೆರಪಿಸ್ಟು ಎಣಿಕೆ ತಪ್ಪದ ಹಾಗೆ. “ಅದು ಆಪರೇಷನ್ ಕಾಲು. ನಾಲ್ಕು! ಐದು! ಉಸಿರು ಬಿಡಿ.”

ಐದಕ್ಕೆ ಎಂಟು ನಿಮಿಷ ಇರುವಾಗ ಮೊದಲ ಪಾಠ ಮುಗಿಯಿತು. ಮ್ಯಾನೇಜರ್ ಬಚಾವಾದರು. ಮಡಚಿದ ಎಡಗಾಲಿನ ಸಮೇತ ಎಲಾದಿಯೋನನ್ನು ನಾಲ್ಕು ಜನ ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದಾಗ, ಥೆರಪಿಸ್ಟು ಗೋಡೆಗೆ ಕಾಗದವಿಟ್ಟು ಕೋರ್ಟಿಗೆ ವರದಿ ಬರೆದ. “ರೋಗಿ ಚೆನ್ನಾಗಿ ಸಹಕರಿಸಿದರು. ಬಲಗಾಲಿನಲ್ಲಿ ನೋವು ಲವಲೇಶವೂ ಇಲ್ಲ. ಚಿಕಿತ್ಸೆ ಪೂರ್ಣ ಯಶಸ್ವಿ. ಹನ್ನೆರಡು ವಾರಗಳ ಉಳಿದ ಪಾಠಗಳ ಅಗತ್ಯ ಕಂಡುಬರುವುದಿಲ್ಲ.”